ಮಗಳ ಕೆಲಸಕ್ಕೊಂದು ಕಡತ

ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಮಂಟೇಸ್ವಾಮಿ ಅಂತ ಒಬ್ಬರಿದ್ದಾರೆ. ಯಾವ ಕಚೇರಿ ಅಂತ ಕೇಳಬೇಡಿ. ಹೇಳಿಬಿಟ್ಟರೆ ನಾಳೆ ನನ್ನ ಜಮೀನಿನ ನಕಲು ನನಗೆ ಸಿಗುವುದಿಲ್ಲ. ಆ ಕಚೇರಿಯ ರೆಕಾರ್ಡ್ ರೂಮು ಅವರ ಸುಪರ್ದಿನಲ್ಲಿದೆ, ಅಷ್ಟು ಸಾಕು. ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ಹಳೇ ಕಡತಗಳು ನೆಲದಿಂದ ಸೂರಿನ ತನಕ ಪೇರಿಸಿಕೊಂಡಿವೆ. ಐವತ್ತು ಅರವತ್ತು ವರ್ಷದ ಹಿಂದೆ ಮುಡುಕುತೊರೆ ಕಡೆಯ ಒಂದು ತುಂಡು ಗದ್ದೆ ಯಾರಿಂದ ಯಾರಿಗೆ ಹೋಯಿತು ಅಂತ ಕೇಳಿ ನೋಡಿ. ಮಂಟೇಸ್ವಾಮಿ ಕಣ್ಣು ಮುಚ್ಚಿ, ಎರಡು ಸಲ ತಲೆ ಕೆರೆದುಕೊಂಡು, ಏಣಿ ಹತ್ತಿ, ಸರಿಯಾಗಿ ಅದೇ ಕಟ್ಟನ್ನು ಎಳೆದು ಕೆಳಗೆ ಹಾಕುತ್ತಾರೆ. ಕೇಳಲು ಹೋದವನು ಧೂಳಿಗೆ ಸೀನುತ್ತಾ ನಿಲ್ಲುತ್ತಾನೆ. ಇವರು ಸೀನುವುದಿಲ್ಲ. ಮೂವತ್ತೊಂದು ವರ್ಷದ ಸರ್ವಿಸು, ಮೂಗಿಗೂ ಅಭ್ಯಾಸವಾಗಿಹೋಗಿದೆ.

ಒಳ್ಳೆಯ ಮನುಷ್ಯ. ಒಂದು ಲೋಟ ಕಾಫಿಯನ್ನೂ ಇನ್ನೊಬ್ಬರ ಕಾಸಿನಲ್ಲಿ ಕುಡಿಯುವವರಲ್ಲ. ಆದರೆ ಒಂದು ಕಾಯಿಲೆ ಇದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕಚೇರಿಯಲ್ಲಿ ನಡೆಯುವ ಕ್ರಮ ಮನೆಯಲ್ಲೂ ನಡೆಯಬೇಕು ಅನ್ನುವ ಕಾಯಿಲೆ. ಹೆಂಡತಿ ಇಂದ್ರಾಣಿ ಅಂಗನವಾಡಿ ಟೀಚರು. ಆಯಮ್ಮ ಒಂದು ಫ್ರಿಜ್ಜು ಬೇಕು ಅಂದಿದ್ದಕ್ಕೆ ಇವರು ಮೂರು ಅಂಗಡಿಯಿಂದ ದರಪಟ್ಟಿ ತರಿಸಿ, ಹೋಲಿಕೆ ಮಾಡಿ, ಟಿಪ್ಪಣಿ ಬರೆದು, ಕಡೆಗೆ ಒಂದನ್ನು ಮಂಜೂರು ಮಾಡುವಷ್ಟರಲ್ಲಿ ಹದಿನಾಲ್ಕು ತಿಂಗಳಾಗಿ, ಕಂಪನಿಯವರು ಆ ಮಾಡಲ್ಲನ್ನೇ ನಿಲ್ಲಿಸಿಬಿಟ್ಟಿದ್ದರು. ಇಂದ್ರಾಣಿ ಇವತ್ತಿಗೂ ಮೊಸರನ್ನು ನೀರಿನ ತಟ್ಟೆಯಲ್ಲಿಟ್ಟು ಕಾಪಾಡುತ್ತಾರೆ. ಗಂಡನನ್ನು ಬೈಯುವುದನ್ನು ಬಿಟ್ಟಿದ್ದಾರೆ. ಬೈದರೆ ಅದನ್ನೂ ಬರೆದಿಟ್ಟುಕೊಳ್ಳುತ್ತಾರಲ್ಲ.

ಇಂಥ ಮನೆಗೆ, ಸೋಮನಾಥಪುರದ ರಸ್ತೆಯಲ್ಲಿ ಹಾಲಿನ ಡೈರಿ ದಾಟಿದರೆ ಸಿಗುವ ಎರಡು ಕೋಣೆಯ ಮನೆಗೆ, ಹೋದ ವರ್ಷ ಒಂದೇ ವಾರದಲ್ಲಿ ಎರಡು ಕೆಲಸ ಬಂದವು.

ಬಂದಿದ್ದು ಮಗಳು ಮಧುಶ್ರೀಗೆ. ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಮುಗಿಸುತ್ತಿದ್ದಳು. ನಾಲ್ಕು ವರ್ಷ ಬೆಳಿಗ್ಗೆ ಆರೂಮುಕ್ಕಾಲರ ಬಸ್ಸಿಗೆ ಹೋಗಿ ಸಂಜೆ ಬಂದು ಓದಿದವಳು. ಮೊದಲನೇ ಕೆಲಸ ಒಂದು ದೊಡ್ಡ ಕಂಪನಿಯದು. ನಾವು ಅದನ್ನು ದೊಡ್ಡ ಕಂಪನಿ ಅಂತಲೇ ಕರೆಯೋಣ. ಮೊದಲು ಆರು ತಿಂಗಳು ಪಾಠ, ಆಮೇಲೆ ಯಾವ ಕೆಲಸ, ಯಾವ ಊರು ಅನ್ನುವುದನ್ನು ಅವರೇ ಹೇಳುತ್ತಾರೆ, ಎರಡು ವರ್ಷ ಬಿಡುವ ಹಾಗಿಲ್ಲ. ಎರಡನೆಯದು ಕೊಳಗ ಸಾಫ್ಟ್‌ವೇರ್ ಅಂತ. ಮೈಸೂರಿನ ಸರಸ್ವತೀಪುರಂನಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ಇರೋದೇ ಹತ್ತು ಹನ್ನೊಂದು ಜನ. ಹಳ್ಳಿ ಡೈರಿಗಳಲ್ಲಿ ಹಾಲು ಅಳೆದು ಚೀಟಿ ಕೊಡುವ ಯಂತ್ರವಿದೆಯಲ್ಲ, ಅದರೊಳಗಿನ ಪ್ರೋಗ್ರಾಮು ಬರೆಯುವವರು. ಸಂಬಳ ದೊಡ್ಡ ಕಂಪನಿಗಿಂತ ಒಂದಿಷ್ಟು ಜಾಸ್ತಿ, ಹೆಸರು ಮಾತ್ರ ಪಕ್ಕದ ಬೀದಿಯವರಿಗೂ ಗೊತ್ತಿಲ್ಲ. ಎರಡೂ ಕಡೆಯವರು ಉತ್ತರಕ್ಕೆ ಕೊಟ್ಟ ಗಡುವು ಒಂದೇ, ಬರುವ ವಾರದ ಶುಕ್ರವಾರ ಸಂಜೆ ಆರು ಗಂಟೆ.

ಮಧುಶ್ರೀ ಅಪ್ಪನ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು.

"ಅಪ್ಪ, ಎರಡರಲ್ಲಿ ಒಂದು ಈಗ ಯೋಳ್ಬೇಕು. ನಂಗನ್ನಿಸೋದು ಏನಪ್ಪ ಅಂದ್ರೆ..."

"ತಾಳು ಕೂಸೆ," ಅಂದರು ಮಂಟೇಸ್ವಾಮಿ. "ಇದು ಬಾಯಿಮಾತಲ್ಲಿ ಆಗೋ ಇಚಾರ ಅಲ್ಲ. ಮೊದಲು ಎರಡನ್ನೂ ಪ್ರಿಂಟ್ ತೆಗಿ."

ಪ್ರಿಂಟು ಬಂತು. ಒಂದು ಹೊಸ ರಟ್ಟಿನ ಫೈಲು ಬಂತು. ಅದರ ಮೇಲೆ ದುಂಡಗೆ ಬರೆದರು: ವಿಷಯ, ಕು. ಮಧುಶ್ರೀ ಇವರ ನೌಕರಿ ಆಯ್ಕೆಯ ಬಗ್ಗೆ. ಎಡಗಡೆಗೆ ಟಿಪ್ಪಣಿ ಹಾಳೆ, ಬಲಗಡೆಗೆ ಪತ್ರಗಳು, ಮೂಲೆಗೆ ದಾರ. ಇಂದ್ರಾಣಿ ಒಲೆಯ ಮುಂದಿನಿಂದ ಫೈಲನ್ನು ನೋಡಿ ಮಗಳ ಮುಖ ನೋಡಿದರು. ಆ ನೋಟದಲ್ಲಿ ಇಡೀ ಫ್ರಿಜ್ಜಿನ ಕಥೆ ಇತ್ತು.

ಹುಡುಗಿಗೆ ತಾನೇ ಒಂದು ಗುಂಡಿ ಒತ್ತಿ ಮುಗಿಸಲು ಬರುತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ಬರುತ್ತಿತ್ತು. ಆದರೆ ಅವಳಿಗೂ ಒಳಗೊಳಗೇ ಪುಕಪುಕ. ಅಲ್ಲದೆ ಅಪ್ಪನನ್ನು ದಾಟಿಕೊಂಡು ಹೋಗುವ ಮನಸ್ಸಿರಲಿಲ್ಲ. ಅವಳು ಪಿಯುಸಿಯಲ್ಲಿದ್ದಾಗ ಗಣಿತದ ಟ್ಯೂಷನ್ ಮುಗಿಯೋ ತನಕ ದಿನಾ ಬಸ್‌ಸ್ಟ್ಯಾಂಡಿನಲ್ಲಿ ಟಿವಿಎಸ್ ನಿಲ್ಲಿಸಿಕೊಂಡು ಕಾದವರು ಈ ಅಪ್ಪ. ಅವರು ಒಂದು ಮಾತು ಸರಿ ಅನ್ನಲಿ ಅಂತ ಅವಳಿಗಿತ್ತು. ಆ ಮಾತು ಬರಬೇಕಾದರೆ ಕಡತ ನಡೆಯಬೇಕಿತ್ತು.

ಮೊದಲ ಹಂತ, ತಕರಾರು ಆಹ್ವಾನ. ಜಮೀನಿನ ಖಾತೆ ಬದಲಾಗುವ ಮುಂಚೆ ಯಾರಿಗಾದರೂ ಆಕ್ಷೇಪಣೆ ಇದ್ದರೆ ಇಂತಿಷ್ಟು ದಿನದೊಳಗೆ ಹೇಳಿ ಅಂತ ನೋಟೀಸು ಅಂಟಿಸುತ್ತಾರಲ್ಲ, ಹಾಗೆಯೇ ಮಂಟೇಸ್ವಾಮಿ ಒಂದು ನೋಟೀಸು ಬರೆದು ಫ್ರಿಜ್ಜು ನಿಲ್ಲಬೇಕಾಗಿದ್ದ ಗೋಡೆಗೆ ಅಂಟಿಸಿದರು. ಅವಧಿ ಗುರುವಾರದ ತನಕ. ಮನೆಯಲ್ಲಿ ಇದ್ದಿದ್ದು ನಾಲ್ಕು ಜನ. ಗಂಡ, ಹೆಂಡತಿ, ಮಗಳು, ಮಂಟೇಸ್ವಾಮಿಯ ಅವ್ವ ಮಂಚಮ್ಮ. ಮಂಚಮ್ಮನಿಗೆ ಓದಲು ಬರುವುದಿಲ್ಲವಾದ್ದರಿಂದ ನೋಟೀಸನ್ನು ಅವರೆದುರು ನಿಂತು ಗಟ್ಟಿಯಾಗಿ ಓದಿದ್ದಾಯಿತು. ಮುದುಕಿ ಎಲೆ ಅಡಿಕೆ ಅಗಿಯುತ್ತಾ ಕೇಳಿಸಿಕೊಂಡು, "ಯಾರ್ ಸತ್ತೋದ್ರು ಮಗ?" ಅಂದರು. ಅವರ ಜೀವಮಾನದಲ್ಲಿ ಹಾಗೆ ಓದಿ ಹೇಳಿದ ಕಾಗದಗಳೆಲ್ಲ ಅಂಥವೇ ಆಗಿದ್ದವು.

ಮೊದಲ ಅಭಿಪ್ರಾಯ ಬಂದಿದ್ದು ಫೋನಿನಲ್ಲಿ. ಇಂದ್ರಾಣಿಯ ತಮ್ಮ ರಾಜೇಂದ್ರ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡೇ ಊಟ ಮಾಡುವ ಮನುಷ್ಯ.

"ಭಾವ, ಇದ್ರಲ್ಲಿ ಯೋಚ್ನೆ ಮಾಡಕ್ಕೇನದೆ? ದೊಡ್ಡ ಕಂಪನಿ ಅಂತ ನಾನಾಗ್ಲೇ ನಮ್ಮೂರು ಬಿಳಿಗೆರೇಲಿ ಎಲ್ರುಗೂ ಸ್ವೀಟು ಕೊಟ್ಟಾಯ್ತು."

"ಆದೇಶ ಆಗೋಕ್ ಮುಂಚೆ ಸ್ವೀಟ್ ಯಾಕ್ ಕೊಟ್ಟೆ ರಾಜೇಂದ್ರ?"

"ಕೊಟ್ಟಾಯ್ತಲ್ಲ ಭಾವ. ಇನ್ನು ಬೇಕರಿ ಮ್ಯಾಲಿನ ಕಂಪನಿ ಅಂದ್ರೆ ನಾನು ಆ ಊರೊಳಕ್ಕೆ ಓಗೋದೆಂಗೆ?"

ಮಂಟೇಸ್ವಾಮಿ ಅದನ್ನೂ ಬರೆದುಕೊಂಡರು. ಸೋದರಮಾವನವರು ಸಿಹಿ ಹಂಚಿರುವುದಾಗಿ ತಿಳಿಸಿರುತ್ತಾರೆ.

ಎರಡನೇ ಹಂತ, ಸ್ಥಳ ಪರಿಶೀಲನೆ. ಎರಡನೇ ಶನಿವಾರದ ರಜೆಯ ದಿನ ಮಂಟೇಸ್ವಾಮಿ ಪಂಚರ ಸಮೇತ ಮೈಸೂರಿಗೆ ಹೊರಟರು. ಮಹಜರು ಅಂದಮೇಲೆ ಕಣ್ಣಾರೆ ನೋಡಿ ರುಜು ಹಾಕಲು ಪಂಚರು ಬೇಡವೇ? ಒಬ್ಬರು ರಾಜೇಂದ್ರ. ಇನ್ನೊಬ್ಬರು ಬಸವಪ್ರಸಾದ್, ಕಚೇರಿಯ ಗೆಳೆಯ, ಸರ್ವೇಯರು. ಅಳತೆ ಟೇಪು ಇಲ್ಲದೆ ಮನೆಯಿಂದ ಹೊರಗೆ ಕಾಲಿಡುವ ಅಭ್ಯಾಸ ಅವರಿಗಿಲ್ಲ, ಮದುವೆಗೆ ಹೋದರೂ ಛತ್ರದ ಉದ್ದಗಲ ನೋಡಿಕೊಂಡು ಬರುತ್ತಾರೆ. ಮಧುಶ್ರೀ, "ಅಪ್ಪ, ನಾನೂ ಬತ್ತೀನಿ, ನಾನು ಒಳಗೆಲ್ಲ ನೋಡಿವ್ನಿ, ಯೋಳ್ತೀನಿ," ಅಂದಳು. "ಅರ್ಜಿದಾರರು ಸ್ಥಳದಲ್ಲಿ ಇದ್ರೆ ಪ್ರಭಾವ ಬೀರ್ದಂಗಾಯ್ತದೆ," ಅಂತ ಅವಳನ್ನು ಮನೆಯಲ್ಲೇ ಬಿಟ್ಟರು.

ದೊಡ್ಡ ಕಂಪನಿ ರಿಂಗ್ ರೋಡಿನ ಪಕ್ಕ ಇತ್ತು. ಗೇಟಿನ ಮುಂದೆ ಮೂವರೂ ಇಳಿದರು. ಸೆಕ್ಯುರಿಟಿಯವನು ಗರಿಗರಿ ಯೂನಿಫಾರಂ ಹಾಕಿದ್ದ.

"ಪಾಸ್ ಐತಾ ಸಾ?"

"ನಾವು ಸ್ಥಳ ಪರಿಶೀಲನೆಗೆ ಬಂದೀವಿ," ಅಂದರು ಮಂಟೇಸ್ವಾಮಿ.

"ಪಾಸ್ ಇಲ್ದೆ ಬುಡಕ್ಕಿಲ್ಲ ಸಾ."

"ನಮ್ಮ ಕೂಸಿಗೆ ಇಲ್ಲಿ ಕೆಲ್ಸ ಆಗ್ಯದೆ."

"ಕೆಲ್ಸ ಆಗಿರೋರ್‌ನೇ ಬುಡಕ್ಕಿಲ್ಲ ಸಾ, ಕಾರ್ಡ್ ಮರೆತು ಬಂದ್ರೆ."

ಈ ಮಾತಿಗೆ ರಾಜೇಂದ್ರನ ಮುಖ ಅರಳಿತು. ಮಂಟೇಸ್ವಾಮಿಯವರ ಮುಖ ಅದಕ್ಕಿಂತ ಹೆಚ್ಚು ಅರಳಿತು. ಒಂದು ಬಾಗಿಲಲ್ಲಿ ಇಷ್ಟು ಚೆನ್ನಾಗಿ ತಡೆಸಿಕೊಂಡು ಅವರಿಗೆ ಯಾವತ್ತೂ ಗೊತ್ತಿರಲಿಲ್ಲ. ತಮ್ಮ ರೆಕಾರ್ಡ್ ರೂಮಿಗೆ ಕಂಡಕಂಡವರು ನುಗ್ಗಿ ಕಟ್ಟು ಬಿಚ್ಚುತ್ತಾರೆ, ಇಲ್ಲಿ ಕೆಲಸದವನನ್ನೂ ಬಿಡುವುದಿಲ್ಲ, ಆಫೀಸು ಅಂದರೆ ಇದು. ಬಸವಪ್ರಸಾದ್ ಕಾಂಪೌಂಡಿನ ಗುಂಟ ಟೇಪು ಹಿಡಿದು ಹೊರಟವರು ಅರ್ಧ ಗಂಟೆಯಾದ ಮೇಲೆ ಬೆವರು ಒರೆಸಿಕೊಳ್ಳುತ್ತಾ ಬಂದು, ಪೂರ್ವದ ಗೋಡೆಯೇ ಮುಗಿಯಲಿಲ್ಲ ಅಂದರು. ಮಹಜರಿನಲ್ಲಿ ಬರೆದದ್ದು ಇಷ್ಟು: ಗೋಡೆ ಭದ್ರವಾಗಿದೆ. ಒಳಗೆ ಏನಿದೆ ಎಂಬುದು ಕಂಡುಬರಲಿಲ್ಲ. ಅಭಿಪ್ರಾಯ, ಉತ್ತಮ.

ಕೊಳಗದ ಕಥೆ ಬೇರೆ. ಬೇಕರಿ ಪಕ್ಕದ ಮೆಟ್ಟಿಲು ಹತ್ತಿದರೆ ಬಾಗಿಲು ತೆರೆದೇ ಇತ್ತು. ಹೊರಗೆ ಚಪ್ಪಲಿಗಳು, ಒಳಗೆ ಕಂಪ್ಯೂಟರುಗಳ ನಡುವೆ ಎರಡು ಹಾಲಿನ ಕ್ಯಾನು. ಕಂಪನಿ ನಡೆಸುವ ಹಂಸಾ ಅನ್ನುವಾಕೆಗೆ ನಲವತ್ತರ ಆಸುಪಾಸು. ನಂಜನಗೂಡಿನವರು, ತಂದೆ ಅಲ್ಲೇ ಸಂಸ್ಕೃತದ ಮೇಷ್ಟ್ರಾಗಿದ್ದವರಂತೆ. ಮೂರು ಜನ ಗಂಡಸರು ಫೈಲು, ಟೇಪು ಹಿಡಿದು ಒಳಗೆ ಬಂದದ್ದನ್ನು ನೋಡಿ ಮೊದಲು ಕಾರ್ಪೊರೇಷನ್ನಿನವರು ಅಂದುಕೊಂಡರು.

"ಟ್ಯಾಕ್ಸ್ ಕಟ್ಟಿದೀವಿ ಸರ್," ಅಂದರು.

"ನಾವು ಮಧುಶ್ರೀ ಕಡೆಯವ್ರು," ಅಂದರು ಮಂಟೇಸ್ವಾಮಿ.

"ಓ, ಬನ್ನಿ ಬನ್ನಿ, ಕೂತ್ಕೊಳ್ಳಿ. ಕೆಳಗಿಂದ ಖಾರಾ ಬನ್ ತರಿಸ್ತೀನಿ."

ಅಷ್ಟು ಸಲೀಸಾಗಿ ಒಳಗೆ ಬಿಟ್ಟಿದ್ದೇ ಮಂಟೇಸ್ವಾಮಿಗೆ ಸರಿಬೀಳಲಿಲ್ಲ. ಯಾರು ಬೇಕಾದರೂ ಬಂದು ಬನ್ನು ತಿನ್ನಬಹುದಾದದ್ದು ಆಫೀಸು ಹೇಗಾಗುತ್ತದೆ? ಆದರೂ ಕರ್ತವ್ಯ ಕರ್ತವ್ಯವೇ. ನಾಲ್ಕು ದಿಕ್ಕಿನ ಚೆಕ್ಕುಬಂದಿ ಬರೆದರು. ಪೂರ್ವಕ್ಕೆ ಖಾಲಿ ಸೈಟು ಮತ್ತು ಒಂದು ಹೊಂಗೆಮರ. ಪಶ್ಚಿಮಕ್ಕೆ ಟೈಲರ್ ಅಂಗಡಿ. ಉತ್ತರಕ್ಕೆ ರಸ್ತೆ. ದಕ್ಷಿಣಕ್ಕೆ ಇನ್ನೊಬ್ಬರ ಬಟ್ಟೆ ಒಣಹಾಕುವ ಜಾಗ. ಐದನೇ ದಿಕ್ಕು ಕಾನೂನಿನಲ್ಲಿ ಇಲ್ಲದಿದ್ದರೂ ನ್ಯಾಯಕ್ಕಾಗಿ ಸೇರಿಸಿದರು, ಕೆಳಕ್ಕೆ ಬೇಕರಿ. ಆಮೇಲೆ ಪ್ರಶ್ನೆ ಶುರುವಾಯಿತು.

"ಪಿಂಚಣಿ?"

"ಇಲ್ಲ ಸರ್."

"ಕೆಲ್ಸ ಕಾಯಮ್ಮಾ?"

ಹಂಸಾ ಸ್ವಲ್ಪ ಯೋಚಿಸಿದರು. "ಕಂಪನಿನೇ ಕಾಯಂ ಇದೆಯಾ ಅಂತ ನಾವು ವರ್ಷಾವರ್ಷ ನೋಡ್ಕೋತಾ ಇದೀವಿ ಸರ್. ಆರು ವರ್ಷ ಆಯ್ತು. ಸಂಬಳ ಒಂದು ತಿಂಗಳೂ ತಪ್ಪಿಸಿಲ್ಲ. ಮುಂದಿನದಕ್ಕೆ ನಾನು ಭಾಷೆ ಕೊಡೋಕಾಗಲ್ಲ."

ಮಂಟೇಸ್ವಾಮಿ ಅಕ್ಷರ ಬಿಡದೆ ಬರೆದುಕೊಂಡರು. ಬರೆದು ಮುಗಿಸಿ ಓದಿ ಹೇಳಿ ರುಜು ಕೇಳಿದರು. ಹಂಸಾ ಪೂರ್ತಿ ಓದಿ, ಒಂದು ಕಡೆ ಬೆರಳಿಟ್ಟು, "ಇಲ್ಲಿ ಹನ್ನೊಂದು ಜನ ಅಂತ ಇದೆ ಸರ್, ಹತ್ತು ಮಾಡಿ. ನಿನ್ನೆ ಒಬ್ಬರು ಬಿಟ್ಟರು," ಅಂದು ರುಜು ಹಾಕಿದರು.

ವಾಪಸ್ ಬರುವ ದಾರಿಯಲ್ಲಿ ಬಸ್ಸಿನಲ್ಲಿ ಮಂಟೇಸ್ವಾಮಿ ಬರೆದುಕೊಂಡದ್ದನ್ನು ಮತ್ತೆ ಓದಿದರು. ಆಯಮ್ಮ ಸುಳ್ಳು ಹೇಳಲಿಲ್ಲ, ಅದು ಅವರಿಗೆ ಹಿಡಿಸಿತು. ಆದರೆ ಹೆದರಿಕೆಯೂ ಆಯಿತು. ತಿಂಗಳ ಮೂವತ್ತಕ್ಕೆ ಸಂಬಳ ಬರುತ್ತದೆ ಅನ್ನುವುದು ಸೂರ್ಯ ಹುಟ್ಟುತ್ತಾನೆ ಅನ್ನುವಷ್ಟೇ ಗಟ್ಟಿ ಅಂತ ನಂಬಿ ಮೂವತ್ತೊಂದು ವರ್ಷ ಬದುಕಿದವರು ಅವರು. ಮುಂದಿನದಕ್ಕೆ ಭಾಷೆ ಕೊಡೋಕಾಗಲ್ಲ ಅನ್ನುವ ಕಡೆಗೆ ಮಗಳನ್ನು ಕಳಿಸುವುದು ಹೇಗೆ? ಮನೆಗೆ ಬಂದವರೇ ಟಿಪ್ಪಣಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟರು: ದೊಡ್ಡ ಕಂಪನಿಗೆ ಶಿಫಾರಸು ಮಾಡಬಹುದು.

"ಅಪ್ಪ, ನೋಡ್ಕಂಡ್ ಬಂದ್ಯಲ್ಲ. ಈಗ ನಾನೊಂದು ಮಾತು ಯೋಳ್ಲಾ?" ಅಂದಳು ಮಧುಶ್ರೀ.

"ಇನ್ನೂ ಆ ಹಂತ ಬಂದಿಲ್ಲ ಕೂಸೆ."

ಗುರುವಾರ ಸಂಜೆ, ತಕರಾರಿನ ಅವಧಿ ಮುಗಿಯಲು ಇನ್ನು ಒಂದು ಗಂಟೆ ಇದೆ ಅನ್ನುವಾಗ, ಮಂಚಮ್ಮ ತಮ್ಮ ಹಸುವಿನ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡು ಡೈರಿಯಿಂದ ಬಂದರು. ಬಂದವರೇ ಗೋಡೆಯ ನೋಟೀಸಿನ ಮುಂದೆ ನಿಂತರು.

"ನಂದೊಂದು ತಕರಾರದೆ ಕನ್ಲಾ."

ಮಂಟೇಸ್ವಾಮಿ ಗಡಿಬಿಡಿಯಿಂದ ಪೆನ್ನು ತೆಗೆದರು. "ಯೋಳವ್ವ."

"ಆ ಡೈರಿ ಮಿಷನ್ನು ನನ್ನ ಅಸಾ ಕೊಡೋ ಆಲಿಗೆ ಫ್ಯಾಟು ಕಮ್ಮಿ ತೋರ್ಸ್ತದೆ. ಪಾಪಮ್ಮನ ಅಸಕ್ಕೆ ಜಾಸ್ತಿ ತೋರ್ಸ್ತದೆ. ಪಾಪಮ್ಮ ನೀರ್ ಉಯ್ಯೋದ ನಾನೇ ಕಣ್ಣಾರೆ ನೋಡಿವ್ನಿ. ಆ ಮಿಷನ್ನೊಳಕ್ಕೆ ಬರ್ದಿರೋರು ಇದೇ ಕೊಳಗದೋರಂತಲ್ಲ, ಡೈರಿ ಸೆಕ್ರೆಟ್ರಿ ಅಂದ. ಅಂತೋರ ಅತ್ರಕ್ಕೆ ನಮ್ಮ ಕೂಸ ಕಳಿಸ್ಕೂಡದು. ಬರ್ಕೊ."

ಬರೆದುಕೊಂಡರು. ಹೆಬ್ಬೆಟ್ಟು ಒತ್ತಿಸಿಕೊಂಡರು. ಒತ್ತಿಸಿಕೊಂಡ ಮೇಲೆ ಅವರಿಗೆ ಹೊಳೆಯಿತು, ತಕರಾರು ಅವಧಿಯೊಳಗೆ ಬಂದಿದೆ, ಅಂದಮೇಲೆ ವಿಚಾರಣೆ ನಡೆಯಲೇಬೇಕು. ವಿಚಾರಣೆಗೆ ಪಾಪಮ್ಮನ ಹೇಳಿಕೆಯೂ ಬೇಕಾಗುತ್ತದೆ. ಕ್ಯಾಲೆಂಡರ್ ನೋಡಿ, ಮುಂದಿನ ವಾಯಿದೆ ಸೋಮವಾರ ಅಂತ ಬರೆದರು.

ಮಧುಶ್ರೀ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. "ಅಪ್ಪ, ನಾಳೆ ಸಂಜೆ ಆರಕ್ಕೆ ಎರಡೂ ಮುಚ್ಚೋಯ್ತವೆ."

"ಕೊನೇ ದಿನಾಂಕ ಅಂದ್ರೆ ಅದು ಕೊನೇದಲ್ಲ ಕನವ್ವ. ಮುಂದಕ್ಕಾಕ್ತಾರೆ. ನಾನು ನೋಡಿರೋ ಯಾವ ಕೊನೇ ದಿನಾಂಕನೂ ಅವತ್ತೇ ಮುಗ್ದಿಲ್ಲ."

"ಅವ್ರು ಮುಂದಕ್ಕಾಕಲ್ಲ ಅಪ್ಪ."

"ಕೇಳೋ ರೀತೀಲಿ ಕೇಳ್ಬೇಕು."

ಅಂದು, ಹದಿನೈದು ದಿನದ ಕಾಲಾವಕಾಶ ಕೋರಿ ಎರಡು ಪುಟದ ಮನವಿಯನ್ನು ಮಗಳ ಕೈಯಲ್ಲೇ ಟೈಪು ಮಾಡಿಸಿ, ದೊಡ್ಡ ಕಂಪನಿಯ ಪತ್ರ ಯಾವ ವಿಳಾಸದಿಂದ ಬಂದಿತ್ತೋ ಅದೇ ವಿಳಾಸಕ್ಕೆ ಕಳಿಸಿದರು. ಒಂದು ನಿಮಿಷ ಆಗಿರಲಿಲ್ಲ, ಉತ್ತರ ಬಂತು. ಮಂಟೇಸ್ವಾಮಿ ಮೀಸೆ ತಿರುವಿದರು. ಮಧುಶ್ರೀ ಅದನ್ನು ಕನ್ನಡದಲ್ಲಿ ಓದಿ ಹೇಳಿದಳು: "ಈ ವಿಳಾಸಕ್ಕೆ ಬರುವ ಪತ್ರಗಳನ್ನು ಯಾರೂ ಓದುವುದಿಲ್ಲ. ದಯವಿಟ್ಟು ಉತ್ತರಿಸಬೇಡಿ."

ಮಂಟೇಸ್ವಾಮಿ ಅದನ್ನೂ ಪ್ರಿಂಟ್ ತೆಗೆಸಿ ಕಡತಕ್ಕೆ ಸೇರಿಸಿದರು. ಬಂದ ಪತ್ರವನ್ನು ಯಾರೂ ಓದದೆ ಇರುವುದು ಅವರಿಗೆ ಹೊಸದಲ್ಲ. ಆದರೆ ಹಾಗಂತ ಒಂದು ನಿಮಿಷದಲ್ಲಿ ಬರೆದುಕೊಡುವ ಧೈರ್ಯ ಮೂವತ್ತೊಂದು ವರ್ಷದಲ್ಲಿ ಯಾವ ಸಾಹೇಬರಿಗೂ ಇರಲಿಲ್ಲ. ಇಷ್ಟು ಖಡಾಖಂಡಿತವಾಗಿ ಮಾತಾಡುವವರು ಶುಕ್ರವಾರ ಆರು ಗಂಟೆ ಅಂದರೆ ಆರೇ ಗಂಟೆ. ತನ್ನ ಕ್ರಮದಿಂದ ಮಗಳಿಗೆ ಎರಡೂ ಕೆಲಸ ತಪ್ಪಿಹೋದರೆ ಅನ್ನುವ ಭಯ ಮೊದಲ ಸಲ ಎದೆಗೆ ಬಂತು.

ಶುಕ್ರವಾರ ಅವರು ಮಧ್ಯಾಹ್ನದ ಮೇಲೆ ರಜೆ ಹಾಕಿದರು. ಇಂದ್ರಾಣಿ ಅಂಗನವಾಡಿಯಿಂದ ಬರುವಷ್ಟರಲ್ಲಿ ಹಜಾರದ ಮಧ್ಯೆ ಚಾಪೆ ಹಾಸಿ, ಕಡತ ಬಿಚ್ಚಿ, ಮಂಚಮ್ಮನನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡುತ್ತಿದ್ದರು. ಪಾಪಮ್ಮ ಗೈರುಹಾಜರಿ. ಮೂರು ಸಲ ಕೂಗಿಸಿ, ಆಕೆ ಬಾರದೆ ಇದ್ದುದರಿಂದ ಅಂತ ಬರೆದು, ತಕರಾರನ್ನು ವಜಾ ಮಾಡಿದರು. ಮಂಚಮ್ಮ ಮುನಿಸಿಕೊಂಡು ಹಿತ್ತಿಲಿಗೆ ಎದ್ದುಹೋದರು. ಆಗ ಗಂಟೆ ಐದಾಗಿ ಹತ್ತು ನಿಮಿಷ.

"ಇನ್ನು ಆದೇಶ," ಅಂದರು ಮಂಟೇಸ್ವಾಮಿ. ಆದೇಶ ಬರೆಯುವ ಮುಂಚೆ ಕಡತವನ್ನು ಮೊದಲ ಪುಟದಿಂದ ಒಮ್ಮೆ ನೋಡಬೇಕು, ಅದು ಪದ್ಧತಿ. ಬೆರಳಿಗೆ ಎಂಜಲು ಹಚ್ಚಿ ಒಂದೊಂದೇ ಹಾಳೆ ತಿರುವಿದರು. ನೋಟೀಸು ಇದೆ. ಸೋದರಮಾವನ ಹೇಳಿಕೆ ಇದೆ. ಎರಡು ಮಹಜರು ಇವೆ. ಪಂಚರ ರುಜು ಇದೆ. ಹಂಸಾ ಅವರದು ಇದೆ. ಅಜ್ಜಿಯ ಹೆಬ್ಬೆಟ್ಟು ಇದೆ. ಯಾರೂ ಓದದ ವಿಳಾಸದ ಉತ್ತರವೂ ಇದೆ. ಹನ್ನೊಂದನೇ ಪುಟಕ್ಕೆ ಕಡತ ಮುಗಿಯಿತು. ಹಿಂದಕ್ಕೆ ತಿರುವಿದರು, ಮತ್ತೆ ಮುಂದಕ್ಕೆ ತಿರುವಿದರು.

ಅರ್ಜಿದಾರರ ಹೇಳಿಕೆಯೇ ಇರಲಿಲ್ಲ.

ಇದೇ ತಪ್ಪಿಗೆ ಎಷ್ಟೋ ಕಡತಗಳನ್ನು ಅವರು ಕಟ್ಟಿಗೆ ಸೇರಿಸಿಕೊಳ್ಳದೆ ವಾಪಸ್ ಎಸೆದಿದ್ದರು. ಯಾರ ವಿಷಯವೋ ಅವರನ್ನೇ ಕೇಳದೆ ಫೈಲು ಮಾಡಿದ್ದೀಯಲ್ಲ ಮಾರಾಯ, ನಿನಗೆ ಬುದ್ಧಿ ಇದೆಯಾ ಅಂತ ಹೊಸದಾಗಿ ಬಂದ ಗುಮಾಸ್ತರನ್ನು ಅಳುವ ಹಾಗೆ ಬೈದಿದ್ದರು. ಈಗ ಬೈಯಲು ಎದುರಿಗೆ ಯಾರೂ ಇರಲಿಲ್ಲ. ಕನ್ನಡಕ ತೆಗೆದು ಮಗಳ ಕಡೆ ನೋಡಿದರು. ಹತ್ತು ದಿನದಿಂದ ಈ ಹುಡುಗಿ ಎಷ್ಟು ಸಲ ಬಾಯಿ ತೆರೆದಿದ್ದಳು, ತಾವು ಎಷ್ಟು ಸಲ ಮುಚ್ಚಿಸಿದ್ದರು ಅಂತ ಲೆಕ್ಕ ಹಾಕಲು ಹೋಗಿ ನಾಚಿಕೆಯಾಯಿತು.

"ಬಾರವ್ವ, ಇಲ್ಲಿ ಕೂತ್ಕೊ," ಅಂದರು. ದನಿ ಸಣ್ಣಗಾಗಿತ್ತು. "ನಿನ್ನ ಏಳ್ಕೆ ತಕ್ಕಂಡೇ ಇಲ್ಲ ನಾನು."

ಮಧುಶ್ರೀ ಬಂದು ಚಾಪೆಯ ಮೇಲೆ ಕೂತಳು. ಹೊಸ ಹಾಳೆ ಬಂತು. ಅವಳು ಹೇಳಿದಳು, ಅವರು ಬರೆದರು.

"ದೊಡ್ಡ ಕಂಪನಿಯವ್ರು ಇಂಟರ್‌ವ್ಯೂನಲ್ಲಿ ಕೇಳಿದ್ದು, ಎರಡು ರೈಲು ಎದುರುಬದುರು ಬಂದ್ರೆ ಎಷ್ಟೊತ್ತಿಗೆ ಸೇರ್ತವೆ ಅಂತ. ಯೋಳ್ದೆ. ಕೆಲ್ಸ ಕೊಟ್ರು. ಹಂಸಾ ಮೇಡಮ್ಮು ಏನೂ ಕೇಳ್ಲಿಲ್ಲ. ಒಂದು ಕೆಟ್ಟೋಗಿರೋ ಪ್ರೋಗ್ರಾಮ್ ಕೊಟ್ಟು, ಇದು ದಿನಾ ಬೆಳಿಗ್ಗೆ ಹೊತ್ತು ನಿಂತೋಯ್ತದೆ, ಯಾಕೆ ನೋಡು ಅಂದ್ರು. ಹನ್ನೊಂದಕ್ಕೆ ಕೂತವಳು ಸಿಕ್ಕಿದಾಗ ಮೂರು ಗಂಟೆ. ಊಟ ಮಾಡೋದೇ ಮರ್ತೋಗಿದ್ದೆ ಅಪ್ಪ. ಅವ್ವ ಕಟ್ಟಿದ್ದ ಡಬ್ಬಿ ಅಂಗೇ ವಾಪಸ್ ತಂದೆ, ಅವತ್ತು ಬೈಸ್ಕಂಡೆನಲ್ಲ. ನಾಲ್ಕು ವರ್ಷ ಓದಿದ್ದು ಅವತ್ತೊಂದು ದಿನ ಕೆಲ್ಸಕ್ಕೆ ಬಂತು ಅನ್ನಿಸ್ತು. ನಾನು ಅಲ್ಲಿಗೇ ಓಯ್ತೀನಿ."

ಮಂಟೇಸ್ವಾಮಿ ರೈಲಿನಿಂದ ಊಟದ ಡಬ್ಬಿಯ ತನಕ ಎಲ್ಲವನ್ನೂ ಬರೆದರು. ಪೆನ್ಸಿಲಿನ ಶಿಫಾರಸು ಪಕ್ಕದ ಹಾಳೆಯಲ್ಲಿ ಕಾಣುತ್ತಲೇ ಇತ್ತು. ಕೊನೆಗೆ ಬರಬೇಕಾದ ಸಾಲು ಅವರ ಕೈಗೆ ತಾನಾಗಿಯೇ ಬಂತು. ಎಲ್ಲ ಹೇಳಿಕೆಗಳ ಕೊನೆಗೂ ಬರೆಯುವ ಸಾಲು ಅದು: ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ ನೀಡಿದ ಹೇಳಿಕೆ. ಯಾರ ಒತ್ತಾಯವೂ, ಅಂತ ಬರೆದವರು ಅಲ್ಲಿಗೆ ಪೆನ್ನು ನಿಲ್ಲಿಸಿದರು.

ಅವರ ಕೈಯಲ್ಲೂ ಒಮ್ಮೆ ಈ ಸಾಲಿನ ಕೆಳಗೆ ರುಜು ಹಾಕಿಸಿದ್ದರು. ಆಗ ಹತ್ತೊಂಬತ್ತು ವರ್ಷ. ನಂಜನಗೂಡಿನ ಒಂದು ಅಂಗಡಿಯಲ್ಲಿ ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವುದನ್ನು ಕಲಿಯುತ್ತಿದ್ದರು. ಕೈ ಚೆನ್ನಾಗಿ ಕೂತಿತ್ತು, ಅಂಗಡಿಯವನು ಪಾಲಿಗೆ ಬಾ ಅಂದಿದ್ದ. ಅಷ್ಟರಲ್ಲಿ ಸರ್ಕಾರಿ ಚಾಕರಿಯಲ್ಲಿದ್ದ ಅಪ್ಪ ತೀರಿಕೊಂಡರು, ಅನುಕಂಪದ ಮೇಲೆ ಮಗನಿಗೆ ಕೆಲಸ ಅಂದರು, ಚಿಕ್ಕಪ್ಪ ರಟ್ಟೆ ಹಿಡಿದು ಕರೆತಂದು ಮೇಜಿನ ಮುಂದೆ ನಿಲ್ಲಿಸಿದ. ಯಾರೋ ಬರೆದರು, ಇವರು ರುಜು ಹಾಕಿದರು. ಬೇಜಾರೇನಿಲ್ಲ. ಮನೆಗೆ ಅಕ್ಕಿ ಬಂತು, ತಂಗಿಯ ಮದುವೆಯಾಯಿತು, ಈ ಹುಡುಗಿ ಓದಿದಳು. ಆದರೆ ಆ ಸಾಲು ಸುಳ್ಳಾಗಿತ್ತು. ಆಮೇಲೆ ಬೇರೆಯವರ ಹೇಳಿಕೆಗಳಲ್ಲಿ ಅದೇ ಸಾಲನ್ನು ಸಾವಿರ ಸಲ ಬರೆದಿದ್ದರು, ನಿಜವೇ ಅಂತ ಒಬ್ಬರನ್ನೂ ಕೇಳಿರಲಿಲ್ಲ.

"ಕೂಸೆ," ಅಂದರು. "ಒತ್ತಾಯ ಇಲ್ದೆ ಅಂತ ಬರೀಬೋದಾ?"

"ಒತ್ತಾಯನ ಎಲ್ರೂ ಮಾಡಿದ್ರಿ ಅಪ್ಪ. ನಾನು ಕೇಳ್ಲಿಲ್ಲ ಅಷ್ಟೇ."

ಬಾಗಿಲಲ್ಲಿ ನಿಂತಿದ್ದ ಇಂದ್ರಾಣಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

"ನಾಳೆ ಆ ಕಂಪನಿ ಮುಚ್ಚೋದ್ರೆ?"

"ಇನ್ನೊಂದು ಉಡುಕ್ತೀನಿ. ಆವಾಗ್ಲೂ ನೀನೊಂದು ಫೈಲ್ ತೆಗಿವಂತೆ."

"ಮಾವನಿಗೆ ಏನ್ ಯೋಳದು? ಸ್ವೀಟ್ ಕೊಟ್ಬುಟ್ಟವ್ನೆ."

"ತಿಂದವ್ರು ವಾಪಸ್ ಕೊಡಲ್ಲ ಬುಡಪ್ಪ."

ಮಂಟೇಸ್ವಾಮಿ ನಿಂತ ಸಾಲನ್ನು ಪೂರ್ತಿ ಮಾಡಿದರು. ಬರೆದದ್ದನ್ನು ಮೊದಲಿಂದ ಓದಿ ಹೇಳಿದರು. ಮಧುಶ್ರೀ ರುಜು ಹಾಕಿ, ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡು, ಹಂಸಾ ಅವರಿಗೆ ಒಪ್ಪಿಗೆ ಕಳಿಸಿದಳು. ಗೋಡೆ ಗಡಿಯಾರದಲ್ಲಿ ಐದು ಐವತ್ತೆರಡಾಗಿತ್ತು. ಮಂಟೇಸ್ವಾಮಿ ರಬ್ಬರು ಹುಡುಕಿ ಪೆನ್ಸಿಲಿನ ಶಿಫಾರಸನ್ನು ಅಳಿಸಿದರು. ಶಿಫಾರಸು ಮಾಡಿದವರು ಅನ್ನುವ ಜಾಗವನ್ನು ಖಾಲಿ ಬಿಟ್ಟು, ಮಗಳ ರುಜುವಿನ ಕೆಳಗೆ ಸಾಕ್ಷಿ ಅಂತ ಬರೆದು, ತಾರೀಕು ಹಾಕಿ, ತಮ್ಮ ಹೆಸರನ್ನು ಬಿಡಿಸಿ ಬಿಡಿಸಿ ಬರೆದರು. ಆ ಸಾಲು ನಿಜ ಅಂತ ಗೊತ್ತಿದ್ದು ಅದರ ಕೆಳಗೆ ಅವರು ಹಾಕಿದ ಮೊದಲ ರುಜು ಅದು.